ಕೊಂಬು ಮಿಸ್

ಶಾಲೆಯಲ್ಲಿ ಅವಳಿಗೆ ಕೊಂಬು ಮಿಸ್ ಎಂದೇ ಹೆಸರು. ಮಕ್ಕಳು ಬರೆದ ಸಾಲಿನಲ್ಲಿ ಒಂದು ಕೊಂಬು ತಪ್ಪಿದರೂ ಅವಳ ಕಣ್ಣಿಗೆ ಬೀಳುತ್ತಿತ್ತು. ಬಿದ್ದ ಕೂಡಲೇ ಅವಳ ತಲೆಯ ಮೇಲೂ ಎರಡು ಮೂಡುತ್ತವೆ ಎಂಬುದು ಹಿಂದಿನ ಬೆಂಚಿನವರ ಸಂಶೋಧನೆ. ಈ ಹೆಸರು ಅವಳಿಗೂ ಗೊತ್ತಿತ್ತು, ಒಳಗೊಳಗೇ ಇಷ್ಟವೂ ಆಗಿತ್ತು.

ವ್ಯಾಕರಣ ಪಾಠದಲ್ಲಿ ಕರ್ತೃವನ್ನೂ ಕ್ರಿಯಾಪದವನ್ನೂ ಗಂಡ ಹೆಂಡಿರೆಂದು ಪರಿಚಯಿಸುತ್ತಿದ್ದಳು. ಇಬ್ಬರೂ ಹೊಂದಿಕೊಂಡು ಹೋಗದಿದ್ದರೆ ವಾಕ್ಯದ ಸಂಸಾರ ಎತ್ತು ಏರಿಗೆ, ಕೋಣ ನೀರಿಗೆ ಎನ್ನುತ್ತಿದ್ದಳು. ತನ್ನ ಮಾತಿನಲ್ಲೇ ತಪ್ಪು ಹಿಡಿದವರಿಗೆ ಬಣ್ಣದ ಸೀಮೆಸುಣ್ಣ ಬಹುಮಾನ ಎಂದು ಪ್ರತಿ ವರ್ಷವೂ ಸಾರುತ್ತಿದ್ದಳು. ಅದು ಇದುವರೆಗೆ ಯಾರ ಕೈಗೂ ಸಿಕ್ಕಿರಲಿಲ್ಲ.

ಜೊತೆಯ ಶಿಕ್ಷಕರ ವಿಷಯದಲ್ಲಿ ಅವಳು ಇನ್ನೂ ಬಿಗಿ. ಗಣಿತದ ಮೇಷ್ಟ್ರು ‘ಸಂಖ್ಯೆ’ಗೆ ‘ಸಂಕೆ’ ಎನ್ನುವವರು. ಒಮ್ಮೆ ಸಭೆಯಲ್ಲಿ ಎಲ್ಲರೆದುರೇ, ತಪ್ಪು ಮಾತಾಡುವವರು ಮಕ್ಕಳ ಮುಂದೆ ನಿಲ್ಲಬಾರದು ಎಂದುಬಿಟ್ಟಳು. ಲೆಕ್ಕ ಸರಿಯಿದ್ದರೆ ಸಾಲದೇ ಎಂದು ಮೇಷ್ಟ್ರು ಮೆಲ್ಲಗೆ ಕೇಳಿದರು. ಲೆಕ್ಕವನ್ನು ಮಕ್ಕಳು ಹಲಗೆ ನೋಡಿ ಕಲಿಯುತ್ತಾರೆ, ಮಾತನ್ನು ನಮ್ಮ ಬಾಯಿ ನೋಡಿ ಕಲಿಯುತ್ತಾರೆ ಎಂದಳು. ಅಂದಿನಿಂದ ಮೇಷ್ಟ್ರು ಬೆಳಗಿನ ಸಭೆಯಲ್ಲಿ ಮೈಕು ಹಿಡಿಯುವುದನ್ನೇ ಬಿಟ್ಟರು.

ಅವಳ ಗಂಡನದು ಫ್ರಿಜ್ ರಿಪೇರಿಯ ಅಂಗಡಿ. ಬಾಯಿಗೆ ಬಂದಂತೆ ಮಾತಾಡುವುದು ಅವನ ಅಭ್ಯಾಸ, ತಿದ್ದುವುದು ಅವಳದು. ತಾನು ಕಟ್ಟಿಕೊಂಡಿದ್ದು ಹೆಂಡತಿಯನ್ನಲ್ಲ, ಕೆಂಪು ಇಂಕಿನ ಪೆನ್ನನ್ನು ಎಂದು ಗಿರಾಕಿಗಳಿಗೆ ಹೇಳಿ ನಗುತ್ತಿದ್ದ. ಮಕ್ಕಳಿಲ್ಲದ ಆ ಮನೆಯಲ್ಲಿ ದಿನವಿಡೀ ಇದೇ ಮಾತು, ಇದೇ ತಿದ್ದುಪಡಿ, ಇದೇ ನಗು.

ಒಂದು ಬೆಳಿಗ್ಗೆ ಬಚ್ಚಲಲ್ಲಿ ಮುಖ ತೊಳೆಯುತ್ತಿದ್ದವಳು ಹಾಗೇ ಕುಸಿದಳು. ಮಿದುಳಿನ ರಕ್ತನಾಳವೊಂದು ಕಟ್ಟಿಕೊಂಡಿತ್ತು. ಕೈಕಾಲಿನ ಬಲ ಬೇಗ ಮರಳಿತು. ಮಾತೂ ಬಂತು, ಆದರೆ ಬಂದ ಮಾತು ಅವಳದಾಗಿರಲಿಲ್ಲ. ಪದಗಳು ಸಿಗುತ್ತಿದ್ದವು, ಅವುಗಳ ತುದಿಗಳು ಮಾತ್ರ ಅದಲುಬದಲಾಗುತ್ತಿದ್ದವು. ಆಸ್ಪತ್ರೆಯಲ್ಲಿ ಗಂಡನನ್ನು ತೋರಿಸಿ ನರ್ಸಿಗೆ, “ಇವನು ರಾತ್ರಿಯೆಲ್ಲ ಎದ್ದಿದ್ದಳು” ಎಂದಳು. ನರ್ಸ್ ನಕ್ಕಳು. ಇವಳ ಮುಖ ಬಿಳಿಚಿತು, ಏಕೆಂದರೆ ಕಿವಿಗೆ ಏನೂ ಆಗಿರಲಿಲ್ಲ. ತಪ್ಪು ಹೊರಬಿದ್ದ ಕ್ಷಣವೇ ಅವಳಿಗೆ ಕೇಳಿಸುತ್ತಿತ್ತು. ತಿದ್ದಲು ಹೋದರೆ ಅದೇ ತಪ್ಪು ಮತ್ತೆ ಬರುತ್ತಿತ್ತು. ಅಭ್ಯಾಸದಿಂದ ಸರಿಹೋಗಬಹುದು, ಹೋಗದೆಯೂ ಇರಬಹುದು ಎಂದರು ಡಾಕ್ಟರು.

ತಿಂಗಳುಗಟ್ಟಲೆ ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡಿದಳು. ಮನೆಯಲ್ಲಿ ಕೂತು ಕೂತು ತಡೆಯಲಾಗದೆ, ಮತ್ತೆ ಶಾಲೆಗೆ ಬರುವೆನೆಂದು ಗಂಡನ ಬಾಯಲ್ಲಿ ಹೇಳಿಸಿದಳು. ಮುಖ್ಯೋಪಾಧ್ಯಾಯಿನಿ ಅವಳನ್ನೂ ಸೇರಿಸಿ ಶಿಕ್ಷಕರ ಸಭೆ ಕರೆದರು. ಭಾಷೆ ಕಲಿಸುವವರ ಭಾಷೆಯೇ ಹೀಗಾದರೆ ಹೇಗೆ ಎಂದು ಒಬ್ಬಿಬ್ಬರು ಗೊಣಗಿದರು. ಆಗ ಎದ್ದು ನಿಂತವರು ಗಣಿತದ ಮೇಷ್ಟ್ರು.

“ತಪ್ಪು ಮಾತಾಡ್ಕೊಂಡೇ ನಾನು ಇಷ್ಟು ವರ್ಷ ಲೆಕ್ಕ ಕಲಿಸಿದೀನಿ. ಅವರೂ ಕಲಿಸ್ಲಿ ಬಿಡಿ,” ಎಂದರು.

ಅವಳು ತಲೆ ಎತ್ತಿ ಅವರನ್ನು ನೋಡಲಾರದೆ ಕೂತಿದ್ದಳು.

ಮೊದಲ ದಿನ ಹಲಗೆಯ ಮೇಲೆ ‘ಹುಡುಗಿ’ ಎಂದು ಬರೆದು, ಮಕ್ಕಳತ್ತ ತಿರುಗಿ, “ಹುಡುಗಿ ಬಂದನು” ಎಂದಳು. ಮುಂದಿನ ಸಾಲಿನ ಎರಡು ಜಡೆಯ ಹುಡುಗಿ ಅಭ್ಯಾಸಬಲದಿಂದ ಕೈಯೆತ್ತಿ, “ಬಂದಳು, ಮಿಸ್” ಎಂದಳು. ಹೇಳಿದ ಮೇಲೆ ಅವಳಿಗೇ ಗಾಬರಿಯಾಯಿತು. ಮಿಸ್ ಮೇಜಿನ ಖಾನೆ ಎಳೆದು ನೀಲಿ ಸೀಮೆಸುಣ್ಣ ತೆಗೆದು ಅವಳ ಕೈಗಿಟ್ಟಳು, ನಗಲೂ ಪ್ರಯತ್ನಿಸಿದಳು. ಹುಡುಗಿ ಜಾಗಕ್ಕೆ ಹೋಗಿ ಕೂತು, ಬೆಂಚಿನ ಮೇಲೆ ಮುಖವಿಟ್ಟು ಅತ್ತಳು.

ಆಮೇಲೆ ಯಾರೂ ಕೈಯೆತ್ತಲಿಲ್ಲ. ಕೆಲವು ದಿನ ಕಳೆಯುವಷ್ಟರಲ್ಲಿ ಇನ್ನೊಂದು ಶುರುವಾಯಿತು. ಅವಳು ಪ್ರಶ್ನೆ ಕೇಳಿದರೆ ಮಕ್ಕಳು ಅವಳಂತೆಯೇ ಉತ್ತರ ಕೊಡತೊಡಗಿದರು: ಅಕ್ಕ ಹಾಡಿದನು, ಅಣ್ಣ ಕುಣಿದಳು. ಅಣಕಿಸುತ್ತಿದ್ದಾರೆ ಎನ್ನಿಸಿ ಅವಳಿಗೆ ಸಿಟ್ಟು ಬಂತು. ಬೈಯಲು ಬಾಯಿ ತೆರೆದರೆ ಬೈಗುಳವೂ ಸೊಟ್ಟಗೆ ಬರುತ್ತದೆಂದು ನುಂಗಿಕೊಂಡಳು.

ಒಂದು ಮಧ್ಯಾಹ್ನ ತರಗತಿಗೆ ಬರುತ್ತಿದ್ದವಳಿಗೆ ಬಾಗಿಲ ಹೊರಗೇ ಎರಡು ಜಡೆಯವಳ ದನಿ ಕೇಳಿಸಿತು. ಶಾಲೆಗೆ ಹೊಸದಾಗಿ ಸೇರಿದ ಹುಡುಗಿಗೆ ಬುದ್ಧಿ ಹೇಳುತ್ತಿದ್ದಳು.

“ಮಿಸ್ ಎದುರಿಗೆ ಸರಿಯಾಗಿ ಹೇಳ್ಬೇಡ ಕಣೆ. ಅವರಿಗೆ ನೋವಾಗತ್ತೆ. ಅವರು ಹೇಗೆ ಹೇಳ್ತಾರೋ ಹಾಗೇ ಹೇಳು.”

“ತಪ್ಪಾಗಲ್ವಾ?”

“ಆದ್ರೆ ಆಗ್ಲಿ. ನಮಗೀಗ ಅದೇ ಅಭ್ಯಾಸ ಆಗಿದೆ.”

ಅವಳು ಒಳಗೆ ಹೋಗಲಿಲ್ಲ. ಗೋಡೆ ಹಿಡಿದುಕೊಂಡು ನಿಧಾನವಾಗಿ ಮುಖ್ಯೋಪಾಧ್ಯಾಯಿನಿಯ ಕೋಣೆಗೆ ನಡೆದಳು. ಗಣಿತದ ಮೇಷ್ಟ್ರೂ ಅಲ್ಲಿದ್ದರು. ಬಾಗಿಲಲ್ಲೇ ನಿಂತು, “ನಾನು ಹೋಗ್ತಾಳೆ” ಎಂದಳು.

ಇಬ್ಬರೂ ಎದ್ದು ನಿಂತರು. ಮಕ್ಕಳಿಗೆ ನಿಮ್ಮ ಮೇಲೆ ಜೀವ, ದುಡುಕಬೇಡಿ ಎಂದು ಮೇಷ್ಟ್ರು ಬೇಡಿಕೊಂಡರು. ಅವಳು ಬಹಳ ಹೊತ್ತು ಪದಗಳನ್ನು ಒಂದೊಂದಾಗಿ ಜೋಡಿಸಿಕೊಂಡಳು.

“ಅದಕ್ಕೇ. ಮಕ್ಕಳು… ಪ್ರೀತಿಗೆ… ತಪ್ಪು ಕಲಿತಾಳೆ.”

ಮೇಷ್ಟ್ರು ಅವಳ ಕೈಚೀಲವನ್ನು ಎತ್ತಿಕೊಂಡು ಗೇಟಿನವರೆಗೆ ಜೊತೆಗೆ ಬಂದರು.

ಶಾಲೆ ಬಿಟ್ಟವಳು ಮೆಲ್ಲಮೆಲ್ಲಗೆ ಮನೆಯಲ್ಲೂ ಮಾತು ಬಿಟ್ಟಳು. ಬೇಕಾದ್ದನ್ನು ಬೆರಳಲ್ಲಿ ತೋರಿಸುತ್ತಿದ್ದಳು. ಗಂಡ ಅಂಗಡಿಗೆ ಅರ್ಧ ದಿನ ಬೀಗ ಹಾಕಿ ಪಕ್ಕದಲ್ಲೇ ಕೂರತೊಡಗಿದ. ಬೇಕೆಂದೇ ತಪ್ಪುತಪ್ಪಾಗಿ ಮಾತಾಡುತ್ತಿದ್ದ. ಆಗೊಮ್ಮೆ ಅವಳ ತುಟಿ ಅಲುಗುತ್ತಿತ್ತು, ಮರುಕ್ಷಣ ಮುಖ ಅತ್ತ ತಿರುಗುತ್ತಿತ್ತು. ಒಂದು ದಿನ ಅವನಿಗೆ ತಡೆಯಲಾಗಲಿಲ್ಲ.

“ಸ್ಕೂಲ್ ಬಿಟ್ಟೆ, ಸರಿ. ನನ್ನ ಹತ್ರ ಯಾಕೆ ಮಾತು ಬಿಟ್ಟೆ? ನಾನೇನು ಪರೀಕ್ಷೆ ಬರೀಬೇಕಾ?”

ಅವಳು ಅವನ ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಸವರಿದಳು.

ಒಂದು ಭಾನುವಾರ ಸಂಜೆ ಮಕ್ಕಳು ಗುಂಪಾಗಿ ಮನೆಗೆ ಬಂದರು. ಬಾಗಿಲು ತೆರೆದ ಗಂಡ ಖುಷಿಯಿಂದ ಒಳಗೆ ತಿರುಗಿ ನೋಡಿದ. ಅವಳು ಕೋಣೆಯ ಮಂಚದ ಮೇಲೆ ಕೂತು, ಬೇಡ ಬೇಡ ಎಂದು ಎರಡೂ ಕೈ ಆಡಿಸುತ್ತಿದ್ದಳು. ಮಿಸ್ ಮಲಗಿದ್ದಾರೆ ಎಂದು ಅವನು ಮಕ್ಕಳಿಗೆ ಹೇಳಿದ. ಅವರು ಚಪ್ಪಲಿ ಮೆಟ್ಟಿಕೊಂಡು, ಮಿಸ್‌ಗೆ ಎಚ್ಚರವಾಗದಿರಲೆಂದು ಪಿಸುಮಾತಲ್ಲಿ ಒಬ್ಬರನ್ನೊಬ್ಬರು ಗದರಿಸಿಕೊಳ್ಳುತ್ತ ಮೆಟ್ಟಿಲಿಳಿದರು. ಬೀದಿ ಸೇರಿದ ಮೇಲೆ ಅವರ ಮಾತು ಜೋರಾಯಿತು. ಅವಳು ಎದ್ದು ಕಿಟಕಿಯ ಪರದೆಯ ಹಿಂದೆ ನಿಂತು, ತಿರುವಿನಲ್ಲಿ ಆ ಸದ್ದು ಅಡಗುವವರೆಗೂ ಕೇಳಿಸಿಕೊಂಡಳು.

ಗಂಡ ಅಡುಗೆಮನೆಯಿಂದ ಟೀ ಮಾಡಲಾ ಎಂದು ಕೇಳಿದ. ಅವನು ಎರಡು ಲೋಟ ಟೀ ಮಾಡಿ ತಂದು, ಒಂದನ್ನು ಅವಳ ಬಳಿ ಕಿಟಕಿಯ ಕಟ್ಟೆಯ ಮೇಲಿಟ್ಟು, ತನ್ನದನ್ನು ಕುಡಿಯದೆ ಹಿಡಿದುಕೊಂಡು ನಿಂತ.