ನಿಧಾನ, ಪುಟ್ಟಿ

ಮಗಳ ಒಂದು ಜಡೆ ಹೆಣೆದು, ಇನ್ನೊಂದು ಬದಿಯ ಕೂದಲನ್ನು ಅಮ್ಮ ಮೂರು ಎಳೆ ಮಾಡಿಕೊಳ್ಳುವಷ್ಟರಲ್ಲಿ ಆಸ್ಪತ್ರೆಯಲ್ಲಿ ವ್ಯಾಯಾಮ ಮಾಡಿಸುವ ಫಿಸಿಯೋ ಅಕ್ಕ ಪರದೆ ಸರಿಸಿದಳು. ಇವತ್ತು ಮೊದಲ ಸರದಿ ಇವಳದೇ ಅಂತೆ. ಯಾರ ಕೈಯನ್ನೂ ಹಿಡಿಯದೆ ಹನ್ನೆರಡು ಮೆಟ್ಟಿಲು ಹತ್ತಿದರೆ ನಾಳೆ ಮನೆಗೆ. ಇಲ್ಲದಿದ್ದರೆ ವಾರ್ಡಿನಲ್ಲೇ ಇನ್ನೊಂದು ವಾರ.

ಆರು ವರ್ಷದ ಹುಡುಗಿ. ಹುಟ್ಟಿನಿಂದ ಹೃದಯದಲ್ಲಿದ್ದ ರಂಧ್ರವನ್ನು ಮುಚ್ಚಿ ಹತ್ತು ದಿನವಾಗಿತ್ತು. ಗಾಯ ಒಣಗಿತ್ತು, ತುಟಿ ಕೆಂಪಾಗಿತ್ತು, ತಟ್ಟೆ ಪೂರ್ತಿ ಖಾಲಿಯಾಗುತ್ತಿತ್ತು. ಆದರೆ ನಡೆಸಿದರೆ ಮಾತ್ರ ನಾಲ್ಕು ಹೆಜ್ಜೆಗೆ ನಿಂತು ಅಮ್ಮನ ಮುಖ ನೋಡುತ್ತಿದ್ದಳು. ಏನೋ ಕೇಳಲು ಬಾಯಿ ತೆರೆದು ಹಾಗೇ ನುಂಗಿಕೊಳ್ಳುತ್ತಿದ್ದಳು. ಏನೆಂದು ಕೇಳಿದರೆ ಏನಿಲ್ಲ ಎನ್ನುವಳು.

ಅಮ್ಮ ಅವಳ ಬೆನ್ನಿಗೆ ಅಂಟಿಕೊಂಡೇ ಮೆಟ್ಟಿಲ ಬುಡಕ್ಕೆ ಬಂದಳು. ಮೊದಲ ಮೆಟ್ಟಿಲಿಗೆ, "ನಿಧಾನ, ಪುಟ್ಟಿ." ಎರಡನೆಯದಕ್ಕೂ ಅದೇ ಮಾತು. ಮೂರರಲ್ಲಿ ಮಗಳು ನಿಂತೇಬಿಟ್ಟಳು.

ಫಿಸಿಯೋ ಅಕ್ಕ ಸೊಂಟಕ್ಕೆ ಕೈಯಿಟ್ಟಳು. "ಅಮ್ಮಾ, ಮಗಳ ಆಪರೇಷನ್ ಮುಗೀತು. ನಿಮ್ಮ ಬಾಯಿದು ಯಾವಾಗ ಇಟ್ಕೊಳ್ಳೋಣ?"

ಬೆಂಚಿನ ಮೇಲಿದ್ದ ಅಜ್ಜಿಯೊಬ್ಬರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅಮ್ಮನಿಗೂ ನಗು ತಡೆಯಲಾಗಲಿಲ್ಲ. ನಗುತ್ತ ನಗುತ್ತಲೇ ಅವಳಿಗೆ ಚುರುಕ್ಕೆಂದಿತು. ಆರು ವರ್ಷ ಮನೆಯವರೆಲ್ಲರ ಬಾಯಲ್ಲೂ ಒಂದೇ ಪಾಠ: ಓಡಬೇಡ, ಜಿಗಿಯಬೇಡ, ನಿಧಾನ. ಓಟದ ಮಾತೆತ್ತಿದರೆ ಸಾಕು, ತನ್ನ ಮುಖ ಬಿಳಿಚಿಕೊಳ್ಳುತ್ತಿತ್ತು. ಹೃದಯ ಸರಿಹೋಯಿತೆಂದು ಚಿಕ್ಕಪ್ಪ, ಅತ್ತೆ, ಪಕ್ಕದ ಮನೆಯವರು ಎಲ್ಲರಿಗೂ ಫೋನು ಮಾಡಿ ಸಾರಿದ್ದಾಗಿತ್ತು. ಆ ಬೇಡಗಳ ಕಾಲ ಮುಗಿಯಿತೆಂದು ಮಗಳಿಗೆ ಹೇಳಲು ಮಾತ್ರ ಒಬ್ಬರಿಗೂ ನೆನಪಾಗಿರಲಿಲ್ಲ.

ಅಮ್ಮ ಸರಸರನೆ ಮೇಲೆ ಹೋಗಿ ಕೊನೆಯ ಮೆಟ್ಟಿಲಲ್ಲಿ ಕುಳಿತಳು. ಎರಡೂ ಕೈಗಳನ್ನು ತೊಡೆಯಡಿ ಸೇರಿಸಿಕೊಂಡು, ನಿನಗೆ ಹೇಗೆ ಬೇಕೋ ಹಾಗೆ ಬಾ ಎಂದಳು. ಬಾಯಿಗೆ ಬಂದ ಇನ್ನೊಂದು 'ನಿಧಾನ'ವನ್ನು ಹಲ್ಲು ಕಚ್ಚಿ ತಡೆದಳು.

ನಾಲ್ಕು. ಐದು. ಆರರಲ್ಲಿ ಮಗಳು ತಲೆಯೆತ್ತಿ ಅಮ್ಮನ ಮುಖ ಹುಡುಕಿದಳು. ಅಲ್ಲಿ ಭಯವಿರಲಿಲ್ಲ. ಉಳಿದ ಮೆಟ್ಟಿಲುಗಳನ್ನು ಅವಳು ಟಪಟಪನೆ ಹತ್ತಿ ಬಂದು ಅಮ್ಮನ ಪಕ್ಕ ಧೊಪ್ಪನೆ ಕುಳಿತಳು. ಎದೆಯ ಮೇಲೆ ಅಂಗೈ ಇಟ್ಟು ಸ್ವಲ್ಪ ಹೊತ್ತು ಕಿವಿಗೊಟ್ಟಳು. ಆಮೇಲೆ ಅಮ್ಮನ ಕಣ್ಣನ್ನೇ ನೋಡುತ್ತ ಕೇಳಿದಳು:

"ಅಮ್ಮಾ, ನಾನು ಓಡೋದು ಯಾವತ್ತಿಂದ?"