ಕಂಬದ ಕಡೆ ನೋಡುವ ಹೆಂಗಸು

ಊರ ಬಾವುಟದ ಮೇಲಿನ ಹೆಂಗಸನ್ನು ಹೊಲಿಯುವವಳು ಸಾಕ್ಷಾತ್ ಆ ಹೆಂಗಸೇ. ನಗರಸಭೆಯ ಹೊಲಿಗೆ ಕಾರ್ಖಾನೆಯಲ್ಲಿ ಬೇರೆಯವರು ಅಂಚು ಮಡಿಸುತ್ತಾರೆ, ಹಗ್ಗದ ಪಟ್ಟಿ ಕೂರಿಸುತ್ತಾರೆ. ಮುಖ ಮಾತ್ರ ಅವಳ ಕೈಯದ್ದೇ ಆಗಬೇಕು. ಊರೆಲ್ಲ ಅವಳನ್ನು ಕರೆಯುವುದು ಬಾವುಟದಕ್ಕ ಎಂದು.

ಈ ಊರಿನ ಬಾವುಟದ ಯೋಗ ಅಷ್ಟಕ್ಕಷ್ಟೇ. ರಾಜನ ಕಾಲದಲ್ಲಿ ಸಿಂಹವಿತ್ತು. ರಾಜ ಕಾಲಿಗೆ ಬುದ್ಧಿ ಹೇಳಿದ ಮೇಲೆ ಸಿಂಹವೂ ನಾಪತ್ತೆ. ಆಮೇಲೆ ಬಂದವರು ಕೋಟೆಯ ಚಿತ್ರ ಹಾಕಿಸಿದರು, ಅವರನ್ನು ಇಳಿಸಿದವರು ಅದನ್ನೂ ಇಳಿಸಿದರು. ಯುದ್ಧ ಮುಗಿದಾಗ ಕಂಬ ಬೋಳಾಗಿತ್ತು. ಹೊಸ ಚಿತ್ರ ಬರೆಯುವ ಕೆಲಸ ಅವಳ ಸೋದರಮಾವನ ಪಾಲಿಗೆ ಬಂತು. ಶಾಲೆಯ ಡ್ರಾಯಿಂಗ್ ಮೇಷ್ಟ್ರು ಆತ. ಎದುರಿಗೆ ನಿಲ್ಲಿಸಿಕೊಂಡು ಬರೆಯಲು ಪುಕ್ಕಟೆ ಸಿಕ್ಕವಳು ತಂಗಿಯ ಮಗಳು. ಗಂಡ ಯುದ್ಧದಲ್ಲಿ ಸತ್ತ ಸುದ್ದಿ ಬಂದು ವರ್ಷ ತುಂಬಿರಲಿಲ್ಲ, ತೊಟ್ಟಿಲಲ್ಲಿ ಮಗಳಿದ್ದಳು. ಹೊಳೆಯ ದಂಡೆಯಲ್ಲಿ ಬಿಸಿಲು ಕಣ್ಣಿಗೆ ಹೊಡೆಯಿತು, ಅವಳು ಹುಬ್ಬಿನ ಮೇಲೆ ಕೈ ಅಡ್ಡ ಹಿಡಿದಳು. ನಡೆದದ್ದು ಇಷ್ಟೇ. ಪಂಡಿತರು ಬಿಟ್ಟಾರೆಯೇ? ನೀಲಿ ಎಂದರೆ ಹೊಳೆ, ಬಿಳಿ ಎಂದರೆ ತಾಳ್ಮೆ, ಆ ಹೆಂಗಸು ಬಾರದವರಿಗಾಗಿ ಕೊನೆಯವರೆಗೂ ಕಾಯುವ ನಿಷ್ಠೆ ಎಂದು ಭಾಷಣ ಬಿಗಿದರು. ಮಕ್ಕಳು ಅದನ್ನೇ ಬಾಯಿಪಾಠ ಮಾಡಿದವು.

ಬಾವುಟದಲ್ಲಿ ಮುಖವಿದ್ದರೆ ಅದು ಕಂಬದ ಕಡೆಗೇ ನೋಡಬೇಕು. ಇಲ್ಲದಿದ್ದರೆ ಓಡಿಹೋಗುತ್ತಿರುವಂತೆ ಕಾಣುತ್ತದೆ. ಹಾಗಾಗಿ ಎರಡು ಮುಖ ಹೊಲಿದು ಬೆನ್ನಿಗೆ ಬೆನ್ನು ಜೋಡಿಸುತ್ತಾರೆ. ಗಾಳಿ ಎತ್ತ ಬೀಸಿದರೂ ಆ ಹೆಂಗಸಿಗೆ ಕಾಣುವುದು ಅದೇ ಕಂಬ.

ಕಾರ್ಖಾನೆಯ ಕಟಿಂಗ್ ಮಾಸ್ತರ ಹೆಂಡತಿ ಸತ್ತವನು, ಮೃದು ಮಾತಿನವನು. ಒಂದು ಸಂಜೆ ಚಹಾದಂಗಡಿಯಲ್ಲಿ ಅವಳನ್ನು ಮದುವೆಗೆ ಕೇಳಿದ. ಅವಳಿಗೆ ಎಷ್ಟು ಸಂತೋಷವಾಯಿತೆಂದರೆ ಚಹಾ ಆರಿದ್ದೂ ಗೊತ್ತಾಗಲಿಲ್ಲ. ಅಷ್ಟರಲ್ಲಿ ಅಂಗಡಿಯವನು ಮೂಗು ತೂರಿಸಿದ.

"ಏನಕ್ಕಾ, ಕಾಯೋದು ಮುಗೀತಾ? ಬಾವುಟದ ಗತಿ ಏನು?"

ಮರುದಿನವೇ ಕಾರ್ಖಾನೆಯ ಸಾಹೇಬರು ಮಾಸ್ತರನನ್ನು ಕರೆದು, ಊರಿನ ಮಾನದ ಜೊತೆ ಆಟವಾಡಿದರೆ ಕೆಲಸ ಇರುವುದಿಲ್ಲವೆಂದರು.

"ದೇಶದ ಬಾವುಟ ನೋಡಿ, ಬರೀ ಮೂರು ಪಟ್ಟೆ," ಎಂದ ಮಾಸ್ತರ, ಆಮೇಲೆ ಅವಳ ಹತ್ತಿರ ಬಂದು. "ಪಟ್ಟೆ ಯಾರನ್ನ ಕಟ್ಕೊಂಡ್ರೂ ಕೇಳೋರಿಲ್ಲ."

ಅವಳು ನಕ್ಕಳು, ಆಮೇಲೆ ಅತ್ತಳು. ಕೊನೆಗೆ ಧೈರ್ಯ ಮಾಡಿ ಮೇಯರರ ಕಚೇರಿಗೆ ಹೋದಳು.

"ನನ್ನ ಮುಖ ತೆಗೆಸಿಬಿಡಿ ಸಾರ್. ದೋಣಿ ಹಾಕ್ಸಿ, ಮೀನು ಹಾಕ್ಸಿ, ಏನಾದ್ರೂ ಹಾಕ್ಸಿ."

ಕೆಲವು ದಿನ ಕಳೆದು ಮೇಯರು ತಾವೇ ಕಾರ್ಖಾನೆಗೆ ಬಂದರು, ಮುಖ ಅರಳಿಸಿಕೊಂಡು.

"ಹೆಂಗಸಿಲ್ಲದ ಬಾವುಟಕ್ಕೆ ಸಭೆ ಸುತಾರಾಂ ಒಪ್ಲಿಲ್ಲ ತಾಯಿ. ಆದ್ರೆ ನಿಮ್ಮನ್ನ ಬಿಟ್ಟುಕೊಟ್ಟಿದೆ. ನಿಮ್ಮ ಮಗಳು ನಿಮ್ಮದೇ ಅಚ್ಚು, ಇನ್ಮೇಲೆ ಅವಳ ಮುಖ. ನೀವು ಯಾರನ್ನ ಬೇಕಾದ್ರೂ ಮದುವೆಯಾಗಿ."

ಮಾಸ್ತರನ ಕಣ್ಣು ಮಿನುಗಿತು. ಮೇಯರರ ಹಿಂದೆ ಬಾವುಟದಕ್ಕನ ಮಗಳು ನಿಂತಿದ್ದಳು, ಚಿತ್ರ ಬರೆದಾಗ ತಾಯಿಗಿದ್ದ ಪ್ರಾಯವೇ ಈಗ ಅವಳಿಗೆ. ಹುಬ್ಬಿನ ಮೇಲೆ ಕೈಯಿಟ್ಟು ಗೋಡೆಯ ಕನ್ನಡಿಯಲ್ಲಿ ನೋಡಿಕೊಂಡು ನಕ್ಕಳು.

"ಹೇಗೆ ಕಾಣ್ತೀನಮ್ಮ?"

ಗಾಳಿ ಎತ್ತ ಬೀಸಿದರೂ ಕಂಬವನ್ನೇ ನೋಡುವ ಮಗಳು ಬಾವುಟದಕ್ಕನ ಕಣ್ಣಿಗೆ ಕಟ್ಟಿದಳು. ಬಿಡುಗಡೆ ಕೈಗೆ ಎಟುಕುವಷ್ಟು ಹತ್ತಿರವಿತ್ತು. ಅದು ಬೇಕೇ ಬೇಕು ಎಂದು ಮನಸ್ಸು ರಚ್ಚೆ ಹಿಡಿಯಿತು.

"ಬೇಡ ಸಾರ್," ಎಂದಳು. "ಹಳೇ ಮುಖಾನೇ ಇರ್ಲಿ."

"ಇದಪ್ಪಾ ನಿಷ್ಠೆ ಅಂದ್ರೆ!" ಮೇಯರು ಕೈಮುಗಿದರು. ಅವರ ಮುಂದಿನ ಭಾಷಣಕ್ಕೆ ಸರಕು ಸಿಕ್ಕಿತು.

ಅವರು ಹೋದ ಮೇಲೆ ಅವಳು ಮಾಸ್ತರನ ಮೇಜಿನ ಹತ್ತಿರ ಬಂದಳು.

"ನನಗೋಸ್ಕರ ಕಾಯ್ಬೇಡಿ ಮಾಸ್ತರೇ."

ಅವನು ಅವಳನ್ನೂ ಆ ಹುಡುಗಿಯನ್ನೂ ನೋಡಿದ. ಅರ್ಥವಾಗಿದ್ದರಿಂದಲೇ ವಾದಿಸಲಿಲ್ಲ. ನೀಲಿ ಬಟ್ಟೆ ಹರವಿ ಕತ್ತರಿಸತೊಡಗಿದ.

ಮಗಳಿಗೆ ಮಾತ್ರ ಅರ್ಥವಾಗಲಿಲ್ಲ. ಹುಬ್ಬಿನ ಮೇಲಿನ ಕೈ ಹಾಗೇ ಇತ್ತು, ಕಣ್ಣು ತುಂಬಿ ಬಂದಿತ್ತು.

"ನಿನ್ನ ಮುಖ ಒಂದೇ ಮೇಲೆ ಹಾರ್ಬೇಕಾ? ನಿಂಗೆ ಹೊಟ್ಟೆಕಿಚ್ಚಮ್ಮ."

"ಹೌದು ಕಣೇ, ಹೊಟ್ಟೆಕಿಚ್ಚು," ಎಂದು ಅವಳು ಮಗಳ ಕೈಯನ್ನು ಹುಬ್ಬಿನಿಂದ ಕೆಳಗಿಳಿಸಿದಳು.