ನೆಲಮಾಳಿಗೆಯ ರೇಡಿಯೋ

"ಅಳದೆ ತೆಪ್ಪಗೆ ಮಲಗಿರೋ ಮಗೂನ ಯಾಕೆ ಮೇಡಂ ಮತ್ತೆ ಮತ್ತೆ ಮುಟ್ಟಿ ನೋಡ್ತೀರಿ?"

ಕೆಲಸ ಕೇಳಿಕೊಂಡು ಬಂದವಳೇ ಹೀಗೆ ಪ್ರಶ್ನೆ ಹಾಕತೊಡಗಿದರೆ ಬೇರೆ ಮೇಟ್ರನ್ ಆಗಿದ್ದರೆ ಬಾಗಿಲು ತೋರಿಸುತ್ತಿದ್ದರೇನೋ. ಈ ಮೇಟ್ರನ್ ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿ, ಅದರ ಮೇಲಿನಿಂದ ಹುಡುಗಿಯನ್ನು ಅಳೆದು ನೋಡಿದರು.

"ಅಂತೂ ಕೇಳಿದೆಯಲ್ಲ. ಅಳೋ ಮಗು ತನ್ನ ಕಷ್ಟ ತಾನೇ ಹೇಳ್ಕೊಳ್ಳುತ್ತೆ. ಸುಮ್ಮನಿರೋದನ್ನ ನಾವೇ ಹೋಗಿ ವಿಚಾರಿಸ್ಕೋಬೇಕು. ಬಾ, ಅಂಗಾಲು ಮುಟ್ಟು. ಬೆಚ್ಚಗಿದೆಯಾ?"

ಬೆಚ್ಚಗಿತ್ತು. ಗಾಜಿನ ಪೆಟ್ಟಿಗೆಯ ಕಿಂಡಿಯೊಳಗೆ ತೂರಿದ್ದ ಅವಳ ಬೆರಳಿಗೆ ಆ ಪುಟ್ಟ ಕಾಲು ಒಂದು ಒದೆ ಕೊಟ್ಟಿತು. ಅಷ್ಟಕ್ಕೇ ಹುಡುಗಿ ಸೋತುಹೋದಳು. ಮೊನ್ನೆಮೊನ್ನೆ ನರ್ಸಿಂಗ್ ಮುಗಿಸಿದ್ದ ಅವಳಿಗೆ ಎರಡು ಆಸ್ಪತ್ರೆಗಳಿಂದ ಕರೆ ಬಂದಿತ್ತು. ಮನಸ್ಸು ಮಾತ್ರ ಆ ಕ್ಷಣದಲ್ಲೇ ಎಳೆಗೂಸುಗಳ ಈ ವಾರ್ಡಿನಲ್ಲಿ ಬೀಡುಬಿಟ್ಟಿತು. "ನಾಳೆ ಬೆಳಿಗ್ಗೆಯೊಳಗೆ ತಿಳಿಸು," ಎಂದರು ಮೇಟ್ರನ್. "ಅಂತೂ ಪ್ರಶ್ನೆ ಕೇಳೋರು ಒಬ್ಬರಾದ್ರೂ ಇರಲಿ ಇಲ್ಲಿ."

ಮನೆಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಮಾತು ಕಲಿತಾಗಿನಿಂದ 'ಯಾಕೆ' ಬಿಟ್ಟು ಬೇರೇನೂ ಬಾಯಿಗೆ ಬರಲಿಲ್ಲವೆಂದು ಅಜ್ಜಿ ಇಟ್ಟ ಹೆಸರು ಯಾಕಮ್ಮ. ಅದೇ ಗಟ್ಟಿಯಾಯಿತು. ಹಾಲಿಗೆ ಯಾಕೆ ಕೆನೆ, ಗಡಿಯಾರಕ್ಕೆ ಯಾಕೆ ಬಲಗಡೆಗೇ ತಿರುಗುವ ಹಟ, ಎದುರುಮನೆಯ ಮಾಸ್ತರರಿಗೆ ಯಾಕೆ ಒಂದೇ ಕಿವಿಯಲ್ಲಿ ಅಷ್ಟೊಂದು ಕೂದಲು, ಎಲ್ಲವೂ ಅವಳಿಗೆ ಬೇಕು. ಕೊನೆಯ ಪ್ರಶ್ನೆಯನ್ನು ಮಾಸ್ತರರನ್ನೇ ಕೇಳಿ ಬೆನ್ನಿಗೆ ಗುದ್ದಿಸಿಕೊಂಡದ್ದೂ ಆಗಿತ್ತು.

ಎಲ್ಲ ಸರಿ, ತೊಡಕು ಒಂದೇ. ಇದೇ ಆಸ್ಪತ್ರೆಯ ನೆಲಮಾಳಿಗೆಯಲ್ಲಿದ್ದ ಲಾಂಡ್ರಿಯಲ್ಲಿ ಅವಳ ಅಮ್ಮ ಕೆಲಸ ಮಾಡುತ್ತಿದ್ದಳು. ಹಾಸಿಗೆಬಟ್ಟೆ, ದಿಂಬಿನ ಚೀಲ, ಆಪರೇಷನ್ ಕೋಣೆಯ ಹಸಿರು ಬಟ್ಟೆ ಒಗೆದು, ಒಣಗಿಸಿ, ಮಡಿಚಿ ಮೇಲಕ್ಕೆ ಕಳಿಸುವ ಕೆಲಸ. ಮಗಳಿಗೆ ಇಲ್ಲಿಂದಲೂ ಕರೆ ಬಂದಿದೆಯೆಂದು ತಿಳಿದಾಗ ಅಮ್ಮ ಪಾತ್ರೆಯಿಂದ ತಲೆಯೆತ್ತದೆ, "ಅಲ್ಲಿ ಬೇಡ," ಎಂದಿದ್ದಳು.

"ಯಾಕೆ?"

"ಬೇಡ ಅಂದೆನಲ್ಲ."

ಅಮ್ಮನ ಬಾಯಿಂದ ಅಷ್ಟು ಬಂದದ್ದೇ ಹೆಚ್ಚು. ಆ ಮನೆಯಲ್ಲಿ ಮಾತೆಂಬುದು ಅಜ್ಜಿಯ ಪಿತ್ರಾರ್ಜಿತ ಆಸ್ತಿ, ಬೇರೆಯವರಿಗೆ ಪಾಲಿಲ್ಲ. ಅಪ್ಪ ದರ್ಜಿ, ಹೊಲಿಗೆಯಂತ್ರದ ಸದ್ದಿನ ಹಿಂದೆ ಅಡಗಿಕೊಂಡು ಬಚಾವಾಗುತ್ತಿದ್ದ. ಅಮ್ಮನಿಗೆ ಆ ಮರೆಯೂ ಇರಲಿಲ್ಲ. 'ಹ್ಞೂಂ', 'ಆಯ್ತು', 'ಊಟಕ್ಕೆ ಬನ್ನಿ', ಇಷ್ಟರಲ್ಲಿ ಅವಳ ದಿನ ಮುಗಿಯುತ್ತಿತ್ತು. ಬಾಯಲ್ಲಿ ಬೆರಳಿಟ್ಟರೂ ಕಚ್ಚದ ಸೊಸೆ ಎಂದು ಅಜ್ಜಿ ಬಂದವರೆದುರು ಹೊಗಳುವುದಿತ್ತು. ಆ ಹೊಗಳಿಕೆಗೂ ಅಮ್ಮನ ಉತ್ತರ 'ಹ್ಞೂಂ' ಎಂದೇ.

ಈ 'ಬೇಡ'ಕ್ಕೆ ಮನೆಯವರು ತಲೆಗೊಂದು ಕಾರಣ ಹುಡುಕಿದರು.

"ನಾಚಿಕೆ ಕಣೇ ಅವಳಿಗೆ," ಎಂದು ಅಜ್ಜಿ ತೀರ್ಪು ಕೊಟ್ಟಳು. "ಮಗಳು ಗರಿಗರಿ ಬಟ್ಟೆ ಹಾಕ್ಕೊಂಡು ಮೇಲೆ ಓಡಾಡ್ತಾಳೆ, ತಾನು ಕೆಳಗೆ ಅದೇ ಬಟ್ಟೆ ಒಗೀಬೇಕಲ್ಲ ಅಂತ."

ಅಪ್ಪ ಸೂಜಿಗೆ ದಾರ ಪೋಣಿಸುತ್ತಾ, "ಅಲ್ಲೇನೋ ಕಿರಿಕಿರಿ ಇರ್ಬೇಕು ಬಿಡು," ಎಂದ.

ಯಾಕಮ್ಮನಿಗೆ ಅಜ್ಜಿಯ ಮಾತೇ ನಿಜವೆನ್ನಿಸಿ ಕರುಳು ಚುರುಕ್ಕೆಂದಿತು. ಕನ್ನಡಿಯ ಮುಂದೆ ನಿಂತು ಒಂದು ಭಾಷಣವನ್ನೇ ತಯಾರು ಮಾಡಿಕೊಂಡಳು. 'ಅಮ್ಮಾ, ದುಡಿದು ತಿನ್ನೋದ್ರಲ್ಲಿ ನಾಚಿಕೆ ಏನಿದೆ? ಎಲ್ಲರೆದುರಿಗೂ ನಾನು ಹೇಳ್ತೀನಿ, ಇವಳೇ ನನ್ನಮ್ಮ ಅಂತ.' ಹೇಳಿ ಮುಗಿಸುವಷ್ಟರಲ್ಲಿ ತನಗೇ ಕಣ್ಣಲ್ಲಿ ನೀರು ಬಂದಿತ್ತು. ಅಮ್ಮನಿಗೆ ಬರದೆ ಎಲ್ಲಿ ಹೋದೀತು?

ಇನ್ನೊಂದು ಆಸ್ಪತ್ರೆಗೂ ಹಿಂದಿನ ದಿನ ಹೋಗಿಬಂದಿದ್ದಳು. ಮೂಳೆ ಮುರಿದವರಿಗೆಂದೇ ಇದ್ದದ್ದು, ಪಟ್ಟಣದ ಇನ್ನೊಂದು ತುದಿಯಲ್ಲಿ. ಒಂದು ಬಸ್ಸಿಳಿದು ಮತ್ತೊಂದು ಹತ್ತಬೇಕು. ಅಲ್ಲಿಯ ಒಂದು ಕೋಣೆಯ ನಡುವೆ ನಡಿಗೆ ಅಭ್ಯಾಸಕ್ಕೆಂದು ಮರದ ಮೆಟ್ಟಿಲುಗಳಿದ್ದವು. ಈ ಕಡೆಯಿಂದ ಹತ್ತಿದರೆ ಆ ಕಡೆ ಇಳಿಯುವುದು, ಅಷ್ಟೇ. ಎಲ್ಲಿಗೂ ಹೋಗದ ಮೆಟ್ಟಿಲು. ಸೊಂಟ ಮುರಿದುಕೊಂಡಿದ್ದ ಮುದುಕರೊಬ್ಬರು ಅದನ್ನು ಹತ್ತಿ ಇಳಿದು, ಮತ್ತೆ ಹತ್ತುತ್ತಿದ್ದರು. ಇಷ್ಟು ಅವಸರ ಯಾಕೆ ತಾತ ಎಂದದ್ದಕ್ಕೆ, "ಮನೆ ಮಹಡೀಲಿ ನನ್ನ ಪಾರಿವಾಳ ಇವೆ ಕಣಮ್ಮ. ಸೊಸೆ ಕಾಳು ಹಾಕ್ತಾಳೆ, ಆದ್ರೆ ಮಾತಾಡ್ಸಲ್ಲ," ಎಂದಿದ್ದರು. ಯಾಕಮ್ಮನಿಗೆ ಆ ಜಾಗ ಹಿಡಿಸದೇನೂ ಇರಲಿಲ್ಲ. ಆದರೆ ಅಲ್ಲಿ ಯಾರೂ ಅವಳ ಬೆರಳಿಗೆ ಒದ್ದಿರಲಿಲ್ಲ.

ಮೇಟ್ರನ್ ಕೋಣೆಯಿಂದ ಹೊರಬಂದವಳು ಭಾಷಣವನ್ನು ಇವತ್ತೇ ಒಪ್ಪಿಸಿಬಿಡೋಣವೆಂದು ಲಿಫ್ಟಿನವನನ್ನು ಲಾಂಡ್ರಿಗೆ ದಾರಿ ಕೇಳಿದಳು.

"ಕೆಳಗಿಳಿದು ಸೀದಾ ಹೋಗಿ. ನಗು ಕೇಳ್ಸುತ್ತಲ್ಲ, ಅದೇ. ಇವತ್ತು ರೇಡಿಯೋ ಡ್ಯೂಟಿ ಮೇಲಿದೆ."

"ರೇಡಿಯೋನಾ?"

"ಇದೆ ಒಂದು. ಕಿವಿ ತಿರುವಿದ್ರೂ ನಿಲ್ಲಲ್ಲ."

ನೆಲಮಾಳಿಗೆಯ ಓಣಿಯಲ್ಲಿ ಸೋಪಿನ ಬಿಸಿ ವಾಸನೆ ತುಂಬಿತ್ತು. ದೊಡ್ಡ ಯಂತ್ರಗಳ ಗುಡುಗುಡು ಸದ್ದಿನ ಮೇಲೆ ಹೆಂಗಸರ ನಗು ಕೇಳುತ್ತಿತ್ತು. ಬಾಗಿಲ ಬಳಿ ಬಟ್ಟೆಯ ಟ್ರಾಲಿಯೊಂದು ಅಡ್ಡ ನಿಂತಿತ್ತು. ಯಾಕಮ್ಮ ಅದರ ಹಿಂದಿನಿಂದಲೇ ಇಣುಕಿದಳು. ಮಡಿಸುವ ಮೇಜಿನ ಸುತ್ತ ನಾಲ್ಕೈದು ಹೆಂಗಸರು. ನಡುವೆ ಒಬ್ಬಳು, ಪ್ಲಾಸ್ಟರಿನ ಎರಡು ಖಾಲಿ ಸುರುಳಿಗಳನ್ನು ಕನ್ನಡಕದಂತೆ ಮೂಗಿನ ತುದಿಗೆ ಹಿಡಿದುಕೊಂಡು, ಅವುಗಳ ಮೇಲಿನಿಂದ ಕಣ್ಣು ಹಾಯಿಸುತ್ತಿದ್ದಳು.

"ಅಂತೂ ಹೊದಿಕೆ ಬಂತು. ಅಂತೂ ಒಣಗಿದೆ. ಅಂತೂ ಇದು ಹೊದಿಕೆಯೋ ಮೀನಿನ ಬಲೆಯೋ?"

ಈಗಷ್ಟೇ ಮೇಲೆ ಕಂಡ ಮೇಟ್ರನ್ ಪಡಿಯಚ್ಚು. ಕುತ್ತಿಗೆ ಮುಂದೆ ಚಾಚುವ ಪರಿ, ಮಾತಿನ ನಡುವೆ ಗಂಟಲು ಸರಿಮಾಡಿಕೊಳ್ಳುವುದು, ಒಂದನ್ನೂ ಬಿಟ್ಟಿರಲಿಲ್ಲ. ದಪ್ಪನೆಯ ಹೆಂಗಸೊಬ್ಬಳು ನಗು ತಡೆಯಲಾರದೆ ದಿಂಬಿನ ಚೀಲವನ್ನು ಬಾಯಿಗೆ ತುರುಕಿಕೊಂಡಳು. ಯಾಕಮ್ಮನಿಗೂ ನಗು ಬಂತು. ಎಂಥ ಕಲಾವಿದೆ ಇವಳು ಎಂದುಕೊಂಡಳು. ಹಾಗೆಂದುಕೊಂಡ ಮೇಲೆಯೇ ಅದು ಅಮ್ಮ ಎಂದು ಅವಳಿಗೆ ಗುರುತು ಹತ್ತಿದ್ದು.

ಗುರುತು ಹತ್ತಿಯೂ ನಂಬಿಕೆ ಬರಲಿಲ್ಲ. ಆ ದನಿಯನ್ನು ಅವಳು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಅಮ್ಮನಿಗೆ ಇಷ್ಟು ಹಲ್ಲುಗಳಿವೆಯೆಂಬುದೂ ಅವಳಿಗೆ ಗೊತ್ತಿರಲಿಲ್ಲ. ನೋಡುತ್ತಾ ನಿಂತವಳ ಮೊಣಕೈ ತಾಗಿ ಟ್ರಾಲಿ ಕದಲಿತು.

"ಯಾರಮ್ಮ ಅದು?" ಎಂದಳು ದಪ್ಪನೆಯವಳು.

ಅಮ್ಮ ತಿರುಗಿದಳು. ಸುರುಳಿಗಳು ಏಪ್ರನ್ನಿನ ಜೇಬಿಗೆ ಇಳಿದವು. ಮುಖದ ಮೇಲಿದ್ದದ್ದೆಲ್ಲ ಯಾರೋ ಒರೆಸಿದಂತೆ ಹೋಗಿ, ಅಲ್ಲಿ ಮನೆಯ ಅಮ್ಮ ನಿಂತಿದ್ದಳು.

"ಊಟ ಆಯ್ತಾ?" ಎಂದಳು.

"ನಿನ್ನ ಮಗಳಾ? ಅದೇ ನರ್ಸಾ?" ದಪ್ಪನೆಯವಳು ಯಾಕಮ್ಮನ ಕೈ ಹಿಡಿದುಕೊಂಡಳು. "ಬಾ ತಾಯಿ, ಕೂತ್ಕೋ. ಇನ್ನೂ ಡಾಕ್ಟರು ಬಾಕಿ ಇದ್ದಾರೆ. ರೇಡಿಯೋ, ನಿಲ್ಸಿದ್ದು ಯಾಕೆ?"

ಅಮ್ಮ ಒಂದು ಹೊದಿಕೆ ಎತ್ತಿಕೊಂಡು ಮಡಿಸತೊಡಗಿದಳು. ಉಳಿದವರೂ ಒಬ್ಬರ ಮುಖ ಒಬ್ಬರು ನೋಡಿ ಕೆಲಸಕ್ಕೆ ಕೈ ಹಾಕಿದರು. ಅಲ್ಲಿ ಯಂತ್ರಗಳ ಸದ್ದಷ್ಟೇ ಉಳಿಯಿತು. ಚೆನ್ನಾಗಿ ನಡೆಯುತ್ತಿದ್ದ ಮನೆಗೆ ನುಗ್ಗಿ ದೀಪ ಆರಿಸಿಬಿಟ್ಟೆನಲ್ಲ ಎಂದು ಯಾಕಮ್ಮನಿಗೆ ನಾಚಿಕೆಯಾಯಿತು. ನಾಚಿಕೆ ಇದ್ದದ್ದು ಅವಳಲ್ಲಿ, ಅಜ್ಜಿ ಹೇಳಿದ ಅಮ್ಮನ ನಾಚಿಕೆಯಂತೂ ಇಲ್ಲಿ ಎಲ್ಲೂ ಇರಲಿಲ್ಲ.

ಓಣಿಗೆ ಬಂದ ಮೇಲೆ ಅಮ್ಮ ಕೇಳಿದಳು, "ಆ ವಾರ್ಡ್ ಕೊಡ್ತಾರಂತಾ?"

"ಹ್ಞೂಂ."

"ಇಷ್ಟ ಆಯ್ತಾ?"

"ತುಂಬಾ." ಭಾಷಣದ ಒಂದು ಅಕ್ಷರವೂ ನಾಲಿಗೆಗೆ ಬರಲಿಲ್ಲ. "ಅಮ್ಮ, ನಾನು ಬಂದ್ರೆ ನಿಂಗೇನು ಕಷ್ಟ? ನಾನಿರೋದು ಮೇಲೆ, ನೀನಿರೋದು ಇಲ್ಲಿ."

ಅಮ್ಮ ಏಪ್ರನ್ನಿನ ಅಂಚನ್ನು ಬೆರಳಿಗೆ ಸುತ್ತಿಕೊಂಡು ಬಿಚ್ಚಿದಳು.

"ಬಟ್ಟೆ ಬಂದಿಲ್ಲ ಅಂತ ವಾರ್ಡಿಂದ ಫೋನ್ ಬರುತ್ತೆ. ನಾನೇ ಎತ್ಕೊಳ್ಳೋದು. ಏನೋ ಒಂದು ಅಂತೀನಿ, ಆ ಕಡೆಯವರೂ ನಗ್ತಾರೆ. ನಾಳೆ ಆ ಕಡೆ ನೀನಿದ್ರೆ? ಇಲ್ಲಿ ಕೊಡೋ ಥರ ಉತ್ತರ ಕೊಡ್ಲಾ, ಮನೇಲಿ ಕೊಡೋ ಥರಾನಾ?"

"ಇಲ್ಲಿ ಥರಾನೇ ಕೊಡು."

"ಬರಲ್ಲ ಕಣೆ. ಈಗ ನೋಡಿದೆಯಲ್ಲ." ಅಮ್ಮ ಒಳಗೆ ಒಮ್ಮೆ ನೋಡಿದಳು. "ನೀನು ಎದುರಿಗೆ ಬಂದ್ರೆ ನಂಗೆ ಒಲೆ ಮೇಲಿಟ್ಟಿದ್ದು ನೆನಪಾಗುತ್ತೆ. ಅತ್ತೆ ನೆನಪಾಗ್ತಾರೆ. ಬಾಯಿ ಕಟ್ಟಿಹೋಗುತ್ತೆ." ಏಪ್ರನ್ ಕೊಡವಿಕೊಂಡು, "ಇರ್ಲಿ, ನೀನು ಸೇರ್ಕೋ. ಓದಿದ್ದು ನೀನು. ನಾನು ಸುಮ್ಮನಿದ್ರೂ ಮಿಷನ್ನು ಬಟ್ಟೆ ಒಗೆಯುತ್ತೆ," ಎಂದಳು.

ಇಷ್ಟುದ್ದದ ಮಾತನ್ನು ಅಮ್ಮ ಅವಳೊಡನೆ ಎಂದೂ ಆಡಿರಲಿಲ್ಲ. ಮಾತು ಮುಗಿಸಿ, ಕೆಲಸ ಬಾಕಿ ಇದೆಯೆಂದು ಒಳಗೆ ಹೋದಳು. ಯಾಕಮ್ಮ ಮೆಟ್ಟಿಲ ಬುಡದಲ್ಲಿ ನಿಂತು ಕಿವಿಗೊಟ್ಟಳು. ನಗು ಈಗ ಶುರುವಾದೀತು, ಇನ್ನೊಂದು ಗಳಿಗೆಗೆ ಶುರುವಾದೀತು ಎಂದು ಕಾದಳು. ಆಗಲಿಲ್ಲ. ಮೇಲೆ ಎಲ್ಲೋ ಒಂದು ಎಳೆಗೂಸು ಅಳುತ್ತಿತ್ತು. ಆ ವಾರ್ಡು ಅವಳಿಗೆ ಬೇಕಿತ್ತು.

ಮರುದಿನ ಬೆಳಿಗ್ಗೆ ಅವಳು ಎರಡೂ ಕಡೆಗೆ ಫೋನು ಮಾಡಿದಳು. ಮೇಟ್ರನ್ "ಯಾಕೆ?" ಎಂದು ಕೇಳಿದರು. ಬೇರೆಯವರು ಕೇಳಿದಾಗ ಆ ಪ್ರಶ್ನೆ ಇಷ್ಟು ಭಾರ ಇರುತ್ತದೆಂದು ಅವಳಿಗೆ ತಿಳಿದದ್ದು ಅವತ್ತೇ.

ಅಜ್ಜಿ ಸುಲಭಕ್ಕೆ ಬಿಡಲಿಲ್ಲ. "ಹತ್ತಿರದ್ದು ಬಿಟ್ಟು ದೂರದ್ದಕ್ಕೆ ಹೋಗ್ತಾಳಂತೆ. ಇವಳಿಗೇನು ತಲೆ ಕೆಟ್ಟಿದೆಯಾ?"

"ಅಲ್ಲಿ ಮೇಟ್ರನ್ ತುಂಬಾ ಜೋರು ಅಜ್ಜಿ," ಎಂದಳು ಯಾಕಮ್ಮ.

"ಹೌದಾ?" ಅಜ್ಜಿ ಸೊಸೆಯ ಕಡೆ ತಿರುಗಿದಳು. "ಜೋರಾ?"

ಅಮ್ಮ ತಟ್ಟೆಗಳನ್ನು ಹರಡುತ್ತಿದ್ದವಳು ಕೈ ನಿಲ್ಲಿಸಿದಳು. ಮಗಳನ್ನು ನೋಡಿದಳು, ಬಹಳ ಹೊತ್ತು ನೋಡಿದಳು.

"ಹ್ಞೂಂ," ಎಂದಳು.

ಕೆಲಸಕ್ಕೆ ಸೇರುವ ದಿನ ತಾಯಿ ಮಗಳು ಒಟ್ಟಿಗೇ ಮನೆ ಬಿಟ್ಟರು. ದಾರಿಯುದ್ದಕ್ಕೂ ಅಮ್ಮ ಕೇಳಿದ್ದು, ಊಟದ ಡಬ್ಬಿ ತಗೊಂಡೆಯಾ, ಶೂ ಕಚ್ಚುತ್ತಾ, ಅಷ್ಟೇ. ಇಬ್ಬರ ಬಸ್ಸೂ ಒಂದೇ ನಿಲ್ದಾಣಕ್ಕೆ ಬರುತ್ತಿತ್ತು. ಮೊದಲು ಬಂದದ್ದು ಅಮ್ಮನದು. ಅದರ ಕಿಟಕಿಯಲ್ಲಿ ಲಾಂಡ್ರಿಯ ದಪ್ಪನೆಯ ಹೆಂಗಸು ಪಕ್ಕದ ಸೀಟಿಗೆ ಚೀಲ ಇಟ್ಟು ಕಾಯ್ದುಕೊಂಡಿದ್ದಳು. ಅಮ್ಮ ಮಗಳ ತೋಳು ಮುಟ್ಟಿ, "ಹುಷಾರು," ಎಂದು ಹತ್ತಿಕೊಂಡಳು.

ಬಸ್ಸು ತಕ್ಷಣ ಹೊರಡಲಿಲ್ಲ. ಯಾಕಮ್ಮ ಕಿಟಕಿಯತ್ತಲೇ ನೋಡುತ್ತಿದ್ದಳು. ಕುಳಿತ ಅಮ್ಮ ಗೆಳತಿಗೆ ಏನನ್ನೋ ಹೇಳತೊಡಗಿದ್ದಳು. ಗಾಜಿನಾಚೆಯ ಮಾತು ಕೇಳಿಸುತ್ತಿರಲಿಲ್ಲ, ಮುಖ ಮಾತ್ರ ಕಾಣುತ್ತಿತ್ತು. ಹುಬ್ಬು ಮೇಲೇರಿತು. ತಲೆ ಎಡಕ್ಕೆ ವಾಲಿತು. ತೋರುಬೆರಳು ಬಂದು ಗದ್ದದ ಮೇಲೆ ಕೂತಿತು, ತುಟಿಗಳು ಸುತ್ತಿಕೊಂಡು ಮುಂದೆ ಬಂದವು. ಮೇಟ್ರನ್ ಅಲ್ಲ ಇದು. ಡಾಕ್ಟರಿದ್ದಂತೆಯೂ ಕಾಣಲಿಲ್ಲ. ದಪ್ಪನೆಯವಳು ಮುಂದಿನ ಸೀಟಿನ ಕಂಬಿ ಹಿಡಿದುಕೊಂಡು ನಗುತ್ತಿದ್ದಳು, ಅವಳ ಭುಜ ಕುಲುಕುತ್ತಿತ್ತು.

ಯಾರಿರಬಹುದು ಎಂದು ಯಾಕಮ್ಮ ಯೋಚಿಸುತ್ತಾ ನಿಂತಳು. ಬಸ್ಸು ಹೊರಟು ತಿರುವಿನವರೆಗೆ ಹೋಯಿತು. ಆಗ ಅವಳ ಗಮನಕ್ಕೆ ಬಂತು, ತನ್ನ ಬೆರಳು ತನ್ನ ಗದ್ದದ ಮೇಲಿತ್ತು.